ವಯಸ್ಸು ಗೊತ್ತಿಲ್ಲದ ನಾಯಿ

ಆರ್.ಟಿ. ನಗರದ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ರಾಧಾಮಣಿ ಬೀದಿಯ ಮುದಿ ನಾಯಿಯೊಂದಿಗೆ ಕಾಯುತ್ತಿದ್ದರು. ಚೀಟಿಯಲ್ಲಿ ಅದರ ವಯಸ್ಸಿನ ಜಾಗವನ್ನು ಖಾಲಿ ಬಿಟ್ಟಿದ್ದರು. ಪಕ್ಕದಲ್ಲೇ ಕ್ಲಿನಿಕ್ಕಿನ ಸಾಫ್ಟ್‌ವೇರ್ ಬರೆದ ವೇದಾ ಮತ್ತು ಜೀಷಾನ್ ಮಾತಿಗಿಳಿದಿದ್ದರು.

“ವಯಸ್ಸು ಖಾಲಿ ಬಿಟ್ರೆ ಫೈಲಲ್ಲಿ ಸೊನ್ನೆ ಆಗ್ತಿದೆ ಕಣೋ ಜೀಷಾನ್.”

“ಅಂದ್ರೆ ಮುದಿ ನಾಯಿಗೂ ಮರಿ ಡೋಸ್ ತೋರ್ಸುತ್ತಾ?”

“ಹೂಂ. ಪ್ರತಿ ಉತ್ತರದ ಮುಂದೆ ಒಂದು ಬೈಟ್ ಗುರುತು ಹಾಕೋಣ. ಒಳಗಿರೋದು ಅಂಕಿನಾ, ಪದಾನಾ, ಏನೂ ಇಲ್ವಾ ಅಂತ ಅದು ಹೇಳ್ಲಿ.”

“ಏನೂ ಇಲ್ದೇ ಇರೋದಕ್ಕೂ ಒಂದು ಬೈಟ್ ಜಾಗ ದಂಡಾನಾ?”

“ಗೊತ್ತಿಲ್ಲ ಅನ್ನೋದೂ ಉತ್ತರ ತಾನೇ?”

“ಸರಿ, ನಾಳೆ ಹಾಕ್ಬಿಡೋಣ. ಬಾ, ಟೀ ಕುಡಿಯೋಣ.”

ಇಬ್ಬರೂ ಎದ್ದು ಹೋದರು. ಒಳಗಿನಿಂದ ಕರೆ ಬಂದಾಗ ರಾಧಾಮಣಿ ಬಾಗಿಲಲ್ಲೇ ಹೇಳಿಬಿಟ್ಟರು:

“ಡಾಕ್ಟ್ರೇ, ಇದರ ವಯಸ್ಸಿಗೆ ಕಂಪ್ಯೂಟರ್ ನೋಡ್ಬೇಡಿ, ಹಲ್ಲು ನೋಡಿ.”