ಸೀಟು ಕಿತ್ತ ಕಾರು

ಸೊಲ್ಲಾಪುರದ ಸ್ಟ್ಯಾಂಡಿನಲ್ಲಿ ಮೈಂದರ್ಗಿ ಬಸ್ಸಿಗೆ ಕಾಯುತ್ತಿದ್ದ ಸಾವಿತ್ರಿಬಾಯಿಯ ಕಿವಿಯೆಲ್ಲ ಪಕ್ಕದ ಗಂಡ ಹೆಂಡಿರ ಮಾತಿನ ಮೇಲೇ ಇತ್ತು.

“ಮನ್ಯಾಗ ಕಾರಿದ್ದೂ ಬಸ್ಸಿಗೆ ನಿಲ್ಲಿಸೀರಲ್ರೀ!”

“ಡ್ರ್ಯಾಗ್ ರೇಸಿಗಂತ ಹಿಂದಿನ ಸೀಟು ತಗದೀನಿ, ಶುಭಾ. ಕಾರು ಹಗುರಾದ್ರ ಜೋರ್ ಓಡ್ತದ.”

“ಮುಂದ ನಾ ಕೂಡೂ ಸೀಟು?”

“ಅದನ್ನೂ ತಗದೀನಿ.”

“ಮತ್ತ ಟೈಮಿಂಗ್ ಕಮ್ಮಿ ಆತೇನು?”

“ಎಲ್ಲೀದು? ಡಿಕ್ಕಿಯಾಗ ಜೋಳದ ಚೀಲ ಇತ್ತಲ್ಲ.”

“ಅದನ್ನ ಇಳಸಬಾರದೇನು?”

“ಮಂದ್ರೂಪದಿಂದ ಅವ್ವ ಕಳಿಸಿದ್ದು. ಮನಿಗೆ ಬರೂ ಲಕ್ಷ್ಮೀನ ನಡುಹಾದ್ಯಾಗ ಇಳಸಾಕ ಬರ್ತದೇನು?”

“ನನ್ನ ಇಳಸಾಕ ಬಂತು!”

ಅಷ್ಟರಲ್ಲಿ ಅವರಿಬ್ಬರೂ ಕಾಯುತ್ತಿದ್ದ ಅಕ್ಕಲಕೋಟೆ ಬಸ್ಸು ಬಂತು. ಗಂಡ ಎಲ್ಲರಿಗಿಂತ ಮೊದಲೇ ಓಡಿಹೋಗಿ, ಕಿಟಕಿಯೊಳಗೆ ಕರ್ಚೀಫು ಎಸೆದು ಎರಡು ಸೀಟು ಹಿಡಿದ.

“ರೇಸಿನಾಗ ಕಾರು ಬಿಟ್ಟು ನೀವಽ ಓಡಿದ್ರ ಗೆಲ್ತಿದ್ರಿ!” ಎನ್ನುತ್ತ ಹೆಂಡತಿ ಬಸ್ಸು ಹತ್ತಿದಳು.