ಠಣ್ಣಪ್ಪನವರ ಕಿವಿ

ಎಲ್ಲರಿಗೂ ನಮಸ್ಕಾರ. ಫೋಟೋದ ಪಕ್ಕ ಕುಳಿತಿರುವ ಅತ್ತಿಗೆಗೆ ನಮಸ್ಕಾರ. ಹಿಂದೆ ಬಾಗಿಲಿಗೆ ಒರಗಿ ನಿಂತಿರುವ ಮಗಳಿಗೆ — ನಿನಗೂ, ತಾಯಿ. ಮುಂದಿನ ಸಾಲಿನಲ್ಲಿ ನಮ್ಮ ಕಾರ್ಖಾನೆಯ ಯಜಮಾನರಿದ್ದಾರೆ. ಅವರ ಪಾಲಿನದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

"ಅವರ ಎದುರು ಕೂತು ಚರ್ಮ ಕತ್ತರಿಸಿದವನು ನೀನು. ಎರಡು ಒಳ್ಳೆ ಮಾತಾಡಪ್ಪ" ಎಂದು ಯಜಮಾನರು ಮೈಕು ಕೊಟ್ಟರು. ಸರಿ. ದಿವಂಗತರು ಕೆಲಸಕ್ಕೆ ಎಂದೂ ತಡವಾಗಿ ಬಂದವರಲ್ಲ. ದಿವಂಗತರ ಅಂಗಿ ಸದಾ ಇಸ್ತ್ರಿಯಾಗಿರುತ್ತಿತ್ತು. ಎರಡಾಯಿತು. ಇನ್ನು ನಿಜ ಮಾತಾಡೋಣ.

ನಮ್ಮದು ಚೀಲ, ಬೆಲ್ಟು, ಹೊರುವ ಪಟ್ಟಿ ಹೊಲಿಯುವ ಕಾರ್ಖಾನೆ ಎಂದು ನಿಮಗೆ ಗೊತ್ತು. ಚರ್ಮ ಎಷ್ಟೇ ಚೆನ್ನಾಗಿರಲಿ, ಅದನ್ನು ಹಿಡಿದುಕೊಳ್ಳುವುದು ಲೋಹ — ಬಕಲ್ಲು, ಕೊಕ್ಕೆ, ಉಂಗುರ, ರಿವೆಟ್ಟು. ಅವನ್ನು ಆರಿಸುವುದು ದಿವಂಗತರ ಕೆಲಸ. ಎರಡು ಪದರ ಚರ್ಮಕ್ಕೆ ಉದ್ದ ಕಾಲಿನ ರಿವೆಟ್ಟು ಹಾಕಿದರೆ ಒಳಗೇ ಸೊಟ್ಟಗಾಗುತ್ತದೆ, ಗಿಡ್ಡದು ಹಾಕಿದರೆ ಕಚ್ಚುವುದೇ ಇಲ್ಲ. ಅಷ್ಟು ಅವರಿಗೆ ಗೊತ್ತಿತ್ತು. ಇಲ್ಲ ಎನ್ನಲಾರೆ. ಆದರೆ ಅವರ ಹೆಸರು ಮೆರೆದದ್ದು ಅದರಿಂದಲ್ಲ. ಮೆರೆದದ್ದು — ಹೀಗೆ — ಒಂದು ಬಕಲ್ಲು ಎತ್ತಿ, ಕಲ್ಲಿನ ಮೇಜಿನ ಮೇಲೆ ಬೀಳಿಸಿ, ಕಣ್ಣು ಮುಚ್ಚಿ ಕೇಳುವುದರಿಂದ. ಗಟ್ಟಿ ಹಿತ್ತಾಳೆಯಾದರೆ "ಠಣ್". ಗಿಲೀಟು ಹೊಡೆದ ಸತುವಾದರೆ "ಟಪ್". ಅದಕ್ಕೇ ನಾವೆಲ್ಲ ಅವರನ್ನು ಠಣ್ಣಪ್ಪ ಎಂದದ್ದು. ಬೆನ್ನ ಹಿಂದೆ ಎಂದು ತಿಳಿದಿದ್ದೆವು. ಅವರಿಗೆ ಗೊತ್ತಿತ್ತು, ಖುಷಿಯೂ ಇತ್ತು.

ಲೋಹಕ್ಕೇ ನಿಲ್ಲಿಸಿದ್ದರೆ ನಾನೂ ಇಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ನಿಲ್ಲಿಸಲಿಲ್ಲ. ಕೆಲಸಕ್ಕೆ ಯಾರೇ ಹೊಸಬರು ಬರಲಿ, ಮೇಲಿಂದ ಕೆಳಗೆ ನೋಡಿ, "ಇದು ಟಪ್ಪು" ಎನ್ನುತ್ತಿದ್ದರು. ಗಂಟಲುಬೇನೆಯಿಂದ ಮಾತು ಹೋದ ಹೊಲಿಗೆಯಾಕೆಗೆ ಅವಳ ಮುಖದೆದುರೇ ಅಂದರು. ನಗಬೇಡಿ, ಆ ದಿನವೂ ನೀವು ನಕ್ಕಿರಿ. ಮನೆಯಲ್ಲಿ ಅತ್ತಿಗೆ ಎದುರು ಮಾತಾಡಿದರೆ ಚಮಚದಿಂದ ತಟ್ಟೆ ಬಡಿದು, "ಕೇಳಿದೆಯಾ? ಇದು ಠಣ್ಣು. ನೀನು ಟಪ್ಪು" ಎನ್ನುತ್ತಿದ್ದರು. ಅತ್ತಿಗೆ, ತಲೆ ತಗ್ಗಿಸಬೇಡಿ. ತಗ್ಗಿಸಬೇಕಾದವರು ಫೋಟೋದಲ್ಲಿ ತಲೆಯೆತ್ತಿಕೊಂಡೇ ಇದ್ದಾರೆ.

ಈಗ ಅವರ ಕಿವಿಯ ವಿಷಯ.

ಠಣ್ಣಪ್ಪನವರು ಕಿವುಡರಾಗಿದ್ದರು. ಹಾಂ — ಕಿವುಡರು. ಎದುರಿನವರ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದರು. ಬೆನ್ನ ಹಿಂದೆ ಹಲಗೆ ಬಿದ್ದರೂ ತಿರುಗುತ್ತಿರಲಿಲ್ಲ. "ಧ್ಯಾನದಲ್ಲಿದ್ದಾರೆ" ಎಂದು ನೀವು ಕೈಮುಗಿದಿರಿ. ಹಾಗಾದರೆ ಅಷ್ಟು ವರ್ಷ ಠಣ್ಣು ಟಪ್ಪು ಸರಿಯಾಗಿ ಹೇಳಿದ್ದು ಹೇಗೆ? ಮಗಳು ಪಕ್ಕದಲ್ಲಿರುತ್ತಿದ್ದಳಲ್ಲ, ಡಬ್ಬಿಗೆ ಹಾಕಿಕೊಳ್ಳಲು. ಬಕಲ್ಲು ಬೀಳಿಸುವುದು, ಕಣ್ಣು ಮುಚ್ಚುವುದು, ಆಮೇಲೆ ಒಂದೇ ಒಂದು ಕಣ್ಣನ್ನು — ಹೀಗೆ, ಎಳೆಯಷ್ಟು — ತೆರೆದು ಮಗಳ ಮುಖ ನೋಡುವುದು. ಅವಳ ಹುಬ್ಬು ಗಂಟಾದರೆ ಟಪ್ಪು. ಇಲ್ಲದಿದ್ದರೆ ಠಣ್ಣು. ಎದುರು ಕೂತವನು ನಾನು, ನನಗೆ ಕಾಣುತ್ತಿತ್ತು. ಅವಳಿಗೂ ಗೊತ್ತಿತ್ತು. ಅಪ್ಪನ ಮಾನ ಉಳಿಯಲೆಂದು ಆ ಹುಡುಗಿ ಹುಬ್ಬಿನಲ್ಲೇ ಕೆಲಸ ಮಾಡಿದಳು. ಸಂಬಳ ಕೊಟ್ಟದ್ದು ಅಪ್ಪನಿಗೆ, ಬೈಗುಳ ಕೊಟ್ಟದ್ದು ಅವಳಿಗೆ.

ಗಾಜು ಹೊರುವವರ ಪಟ್ಟಿಗಳಿಗೆ ಆರ್ಡರು ಬಂದ ದಿನ ನೆನಪಿದೆಯೇ? ಬೆನ್ನ ಮೇಲೆ ಗಾಜಿನ ಹಲಗೆ ಕಟ್ಟಿಕೊಂಡು ಮೆಟ್ಟಿಲು ಹತ್ತುವವರಿಗೆ. ಚರ್ಮ ನಾನೇ ಕತ್ತರಿಸಿದೆ, ದಪ್ಪದ್ದು. ಉಂಗುರಗಳನ್ನು ದಿವಂಗತರು ಬೀಳಿಸಿದರು. ಅಷ್ಟರಲ್ಲಿ ಯಜಮಾನರು ಅವಸರದಲ್ಲಿ ಬಂದು ಅಪ್ಪ ಮಗಳ ನಡುವೆ ನಿಂತರು. ಮುಖ ಕಾಣಲಿಲ್ಲ. "ಏನಂತೆ?" ಎಂದು ಯಜಮಾನರು ಕೇಳಿದರು. ಇವರು ಎದೆಯುಬ್ಬಿಸಿ ಹೇಳಿಯೇ ಬಿಟ್ಟರು — "ಠಣ್!"

ಅವಳು ಯಜಮಾನರ ಭುಜದ ಮೇಲಿಂದ ಇಣುಕಿ ಹೇಳಿದಳು: "ಅಪ್ಪಾ, ಇಲ್ಲ. ಟಪ್ ಅಂತು."

ಆಗ ಒಂದು ಮಾತು ಸಾಕಿತ್ತು. "ಇನ್ನೊಮ್ಮೆ ಬೀಳಿಸೋಣ" ಅಂದರೆ ಮುಗಿಯುತ್ತಿತ್ತು. ಇವರು ಏನೆಂದರು ಗೊತ್ತೇ? "ನಿನ್ನ ಕಿವಿ ನಿಮ್ಮಮ್ಮನ ಕಿವಿ. ಒಗ್ಗರಣೆ ಸದ್ದು ಕೇಳೋಕೆ ಸರಿ. ಬಾಯ್ಮುಚ್ಕೊಂಡು ಡಬ್ಬಿ ತುಂಬು." ಎಲ್ಲರೂ ನಕ್ಕರು. ಯಜಮಾನರು ಜೋರಾಗಿ ನಕ್ಕರು.

ಉಂಗುರ ಮೆಟ್ಟಿಲ ನಡುವೆ ಬಾಯಿಬಿಟ್ಟಿತು. ಗಾಜು ಜಾರಿತು. ಆ ಗಾಜಿನವರು ಅಗೋ, ಕೊನೆಯ ಸಾಲಿನಲ್ಲಿದ್ದಾರೆ, ಬಲಗೈ ಜೇಬಿನಲ್ಲಿದೆ. ಅಣ್ಣಾ, ತೆಗೆದು ತೋರಿಸಬೇಡಿ. ಬೆರಳು ಹೋದದ್ದನ್ನು ಇವರೆಲ್ಲ ಆಗಲೇ ನೋಡಿದ್ದಾರೆ, ನೋಡಿ ಚಹಾ ಕುಡಿದಿದ್ದಾರೆ.

ಆ ಸಂಜೆ ಠಣ್ಣಪ್ಪನವರು ಯಜಮಾನರ ಕೋಣೆಯಲ್ಲಿ ನಿಂತು, ಇಸ್ತ್ರಿ ಕೆಡದ ಅಂಗಿಯಲ್ಲಿ ಹೇಳಿದರು: "ನಾನು ಆರಿಸಿದ್ದು ಬೇರೆ ಉಂಗುರ ಸ್ವಾಮೀ. ಹುಡುಗಿ ಡಬ್ಬಿ ಅದಲುಬದಲು ಮಾಡಿದಾಳೆ." ಸ್ವಂತ ಮಗಳು! ಥೂ! ನಾನು ಒಳಗೆ ಹೋಗಿ ಕಂಡದ್ದೆಲ್ಲ ಹೇಳಿದೆ. ಯಜಮಾನರು "ಹಿರಿಯರ ಬಗ್ಗೆ ನಾಲಿಗೆ ಹರಿಬಿಡಬೇಡ" ಎಂದರು. ಮರುದಿನ ಅವಳನ್ನು ಹೊರಗೆ ಹಾಕಿದರು. ಈಗ ಮಾರುಕಟ್ಟೆಯ ಮೂಲೆಯಲ್ಲಿ ಕೂತು ಜಿಪ್ಪು ರಿಪೇರಿ ಮಾಡುತ್ತಾಳೆ, ಅಲ್ಲಿಗೂ ಕೆಲವರು ಬಂದು, "ಬೆರಳು ಕತ್ತರಿಸಿದವಳು ಇವಳೇನಾ?" ಎಂದು ಕೇಳಿ ಹೋಗುತ್ತಾರೆ. ಇನ್ನು ಕಾರ್ಖಾನೆಯ ಒಳಗೆ? ನೋಡಲು ಮಗಳ ಮುಖವಿಲ್ಲದ ಠಣ್ಣಪ್ಪನವರು ಬಾಯಿಗೆ ಬಂದದ್ದು ಹೇಳುತ್ತಾ ಹೋದರು. ಚೀಲಗಳು ವಾಪಸು ಬಂದವು. "ಈಗಿನ ಲೋಹವೇ ಸರಿಯಿಲ್ಲ" ಎಂದು ಯಜಮಾನರು ಲೋಹವನ್ನು ಬೈದರು.

ಏನು ತಾಯಿ? "ಸಾಕು ಚಿಕ್ಕಪ್ಪ" ಅಂತೀಯಾ? ನೋಡಿ, ಇವತ್ತೂ ಅಪ್ಪನ ಮಾನ ಕಾಯಲು ಎದ್ದು ಬರುತ್ತಿದ್ದಾಳೆ. ಅಲ್ಲೇ ನಿಲ್ಲು. ನಿನಗೆ ನೋವಾಗುತ್ತದೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ಅಲ್ಲಿ ಯಾರೋ ಪಿಸುಗುಟ್ಟುತ್ತಿದ್ದೀರಿ. ಬದುಕಿದ್ದಾಗಲೂ ಆಡಿದೆ ಸ್ವಾಮೀ, ಆಗ ನಿಮ್ಮ ಕಿವಿ ಎಲ್ಲಿತ್ತು?

ಯಜಮಾನರೇ, ನಾಳೆ ಲೋಹ ಆರಿಸುವ ಮೇಜಿಗೆ ಯಾರನ್ನೋ ಕೂರಿಸುತ್ತೀರಿ. ನಿಮ್ಮ ಭಾವಮೈದುನನ ಹೆಸರು ಕೇಳಿದೆ. ಅದಕ್ಕೂ ಮೊದಲು, ಇಗೋ ನೋಡಿ. ಆ ಪಟ್ಟಿಯ ಇನ್ನೊಂದು ತುದಿಯ ಉಂಗುರ. ಮುರಿಯದೆ ಉಳಿದದ್ದು. ಪಟ್ಟಿ ಬಿಚ್ಚಿ ಗಾಜಿನವರೇ ನನಗೆ ಕೊಟ್ಟರು. ಹೊಳೆಯುತ್ತಿದೆ, ಅಲ್ಲವೇ? ಹೊಳಪಿಗೇನೂ ಕಡಿಮೆಯಿಲ್ಲ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಅತ್ತಿಗೆ, ನೀವು ಕೂತೇ ಇರಿ, ಅವರೆದುರು ನಿಂತದ್ದು ಸಾಕು. ಫ್ಯಾನು ಆರಿಸಿ. ಯಾರೂ ಕೆಮ್ಮಬೇಡಿ. ಅಗಲಿದವರಿಗಾಗಿ ಮೌನ ಆಚರಿಸೋಣ, ಉಸಿರು ಕೇಳಿಸುವಷ್ಟು ಮೌನ. ಅದರ ನಡುವೆ ಈ ಕಲ್ಲಿನ ಜಗಲಿಯ ಮೇಲೆ ಈ ಉಂಗುರವನ್ನು ಒಂದೇ ಒಂದು ಸಲ ಬೀಳಿಸುತ್ತೇನೆ. ಮೌನ ಮುಗಿದ ಮೇಲೆ ಮೊದಲ ಮಾತು ಯಜಮಾನರದು. ಏನು ಕೇಳಿಸಿತು ಎಂದು ಅವಳ ಮುಖ ನೋಡಿ ಹೇಳಲಿ.