ಮೂರನೇ ತಿಂಗಳ ನಗು

ಮೈಸೂರಲ್ಲಿ ಪಾಂಡವಪುರದ ಬಸ್ಸು ಹತ್ತಿದಾಗಿನಿಂದ ಕುಳ್ಳಮ್ಮ ಚಿಟಿಕೆ ಹೊಡೆಯುತ್ತಲೇ ಇದ್ದಳು. ಮುಂದಿನ ಸೀಟಿನ ತಾಯಿಯ ಹೆಗಲ ಮೇಲಿದ್ದ ಎರಡು ವರ್ಷದ ಮಗು ಇವಳತ್ತ ತಿರುಗಲೇ ಇಲ್ಲ.

“ಡಾಕ್ಟ್ರು ಒಳಗೆ ಏನ್ ಕೇಳುದ್ರು?” ಅಂದ ಆ ತಾಯಿಯ ಪಕ್ಕ ಕೂತಿದ್ದ ಅವಳ ಗಂಡ.

“ಅದೇನೋ ಆಟಿಸಂ ಅಂತೆ. ಮೆದುಳು ಮೊದ್ಲಿಂದ ಎಂಗೆ ಬೆಳೀತು ಅಂತ ಸಂಶೋಧನೆ ಮಾಡ್ತಾವ್ರಂತೆ. ಎಷ್ಟನೇ ತಿಂಗ್ಳಲ್ಲಿ ನಿನ್ ಮುಖ ನೋಡಿ ನಕ್ಕ ಅಂದ್ರು.”

“ಏನಂದೆ?”

“ಮೂರು ಅಂದೆ. ಬರ್ಕೊಂಡ್ರು. ಸುಳ್ಳು ಕಣಿ.”

“ಥೂ! ಅಸ ಈದಿದ್ ದಿನ ಬಾಯಿಗೆ ಬತ್ತದೆ, ಮಗ ನಕ್ಕಿದ್ದು ಮರ್ತೋಯ್ತಾ?”

“ಮರ್ತಿಲ್ಲ ಕಣಿ. ನನ್ ನೋಡಿ ಒಂದ್ಸಲಾನೂ ನಕ್ಕಿಲ್ಲ ಅಂತ ಅಷ್ಟು ಜನದ ಮುಂದೆ ಎಂಗೇಳ್ಲಿ?”

ಕಿರಂಗೂರು ಬಂತು. ಗಂಡ ತಲೆ ತಗ್ಗಿಸಿ ಮಗುವನ್ನು ಎತ್ತಿಕೊಂಡು ಇಳಿದ, ತಾಯಿಯೂ ಹಿಂದೆ ಇಳಿದಳು. ಕುಳ್ಳಮ್ಮ ಚಿಟಿಕೆ ಹೊಡೆದ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.